ನಾಲ್ಕು ಕಿಟಕಿ ಒರೆಸೋಕೆ ಎಷ್ಟು ಕೇಳಬೇಕು? ಬಳ್ಳಾರಿ ಕಡೆಯವರಿಗೆ ಒಂದು ಲೆಕ್ಕ

ದೊಡ್ಡ ಕೆಲಸಕ್ಕೆ ರೇಟು ಹೇಳುವುದು ಅಷ್ಟೇನೂ ಕಷ್ಟ ಅಲ್ಲ. ಆಸ್ಪತ್ರೆಯವರೋ ಕಾಲೇಜಿನವರೋ ಕರೆದರೆ ಚದರ ಅಡಿ ಅಳೆದು ಕೊಟೇಶನ್ ಕೊಡುತ್ತೀರಿ. ಅವರು ಒಂದಿಷ್ಟು ಇಳಿಸುತ್ತಾರೆ, ಮಾತು ಮುಗಿಯುತ್ತದೆ. ತಲೆನೋವು ಇರುವುದು ಸಣ್ಣ ಕೆಲಸದಲ್ಲಿ. "ತಮ್ಮಾ, ಬರೇ ನಾಲ್ಕು ಕಿಟಕಿ ಅದಾವ, ಎಷ್ಟು ತಗೋತಿ?" ಅಂತ ಫೋನ್ ಬರುತ್ತದೆ. ನೀವು ಬಾಯಿಗೆ ಬಂದಂತೆ ನೂರೈವತ್ತು ಅಂದುಬಿಡುತ್ತೀರಿ. ಕೌಲ್ ಬಜಾರಿನಿಂದ ಬೈಕಿಗೆ ಏಣಿ ಕಟ್ಟಿಕೊಂಡು ಸಿರುಗುಪ್ಪ ರಸ್ತೆಯ ಆ ತುದಿಗೆ ಹೋಗಿ, ಬಕೆಟ್‌ಗೆ ನೀರು ಬರುವವರೆಗೆ ಕಾದು, ಕೆಲಸ ಮುಗಿಸಿ ವಾಪಸ್ ಬರುವಷ್ಟರಲ್ಲಿ ಬೆಳಗಿನ ಹೊತ್ತೇ ಹೋಗಿರುತ್ತದೆ. ಪೆಟ್ರೋಲ್ ಕಳೆದರೆ ಕೈಯಲ್ಲಿ ಉಳಿಯುವುದು ನೂರು ಚಿಲ್ಲರೆ.

ಈ ಲೇಖನ ಹೊಸದಾಗಿ ಈ ಕೆಲಸಕ್ಕೆ ಇಳಿದವರಿಗೆ. ಪೇಂಟಿಂಗ್ ಜೊತೆಗೆ ಇದನ್ನೂ ಮಾಡುವವರಿಗೆ, ಮನೆ ಕ್ಲೀನಿಂಗ್‌ಗೆ ಹೋಗುವ ಅಕ್ಕಂದಿರಿಗೂ ಉಪಯೋಗ ಆಗುತ್ತದೆ. ನಾನು ಕೊಡುವ ಅಂಕಿಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ, ಊರಿನ ರೇಟು ಕಾರ್ಡ್ ಅಲ್ಲ. ರಾಯಚೂರಿನವರಿಗೆ ಒಂದು ಬರಬಹುದು, ಗಂಗಾವತಿಯವರಿಗೆ ಇನ್ನೊಂದು. ಲೆಕ್ಕ ಹಾಕುವ ರೀತಿ ಮಾತ್ರ ಒಂದೇ.

ಮೊದಲು ನಿಮ್ಮ ನಿಮಿಷದ ಬೆಲೆ ಗೊತ್ತು ಮಾಡಿಕೊಳ್ಳಿ

ಬಹಳ ಜನ ಮಾಡುವುದು ಏನೆಂದರೆ, ಪಕ್ಕದವನು ಎಷ್ಟು ತಗೋತಾನೆ ಅಂತ ಕೇಳಿ ಅದಕ್ಕಿಂತ ಹತ್ತು ರೂಪಾಯಿ ಕಮ್ಮಿ ಹೇಳುವುದು. ಅವನಿಗೆ ಅದು ಗಿಟ್ಟುತ್ತದೋ ಇಲ್ಲವೋ ಯಾರಿಗೆ ಗೊತ್ತು? ಅವನಿಗೆ ಊರಲ್ಲಿ ಎರಡು ಎಕರೆ ನೀರಾವರಿ ಇರಬಹುದು, ಇದು ಬರೀ ಕೈಖರ್ಚಿನ ಕೆಲಸ ಇರಬಹುದು. ನಿಮ್ಮ ಲೆಕ್ಕ ನಿಮ್ಮ ಮನೆಯಿಂದ ಶುರು ಆಗಬೇಕು.

ಒಂದು ಹಾಳೆ ತಗೊಳ್ಳಿ. ತಿಂಗಳಿಗೆ ಮನೆಗೆ ಎಷ್ಟು ರೊಕ್ಕ ಬೇಕು ಅಂತ ಬರೆಯಿರಿ. 20,000 ಅಂದುಕೊಳ್ಳೋಣ. ಇದಕ್ಕೆ ಒಂದು ಅಂದಾಜು ಬೇಕಿದ್ದರೆ ನಿಮ್ಮೂರಲ್ಲಿ ಪೇಂಟರ್‌ಗೆ ದಿನಗೂಲಿ ಎಷ್ಟು ನಡೆಯುತ್ತಿದೆ ಅಂತ ವಿಚಾರಿಸಿ. ಏಣಿ ಹತ್ತುವ ಕೆಲಸದಲ್ಲಿ ಅದಕ್ಕಿಂತ ಕಡಿಮೆ ದುಡಿಯುವುದಾದರೆ ಪೇಂಟಿಂಗ್‌ಗೇ ಹೋಗಬಹುದಲ್ವಾ?

ಅದರ ಕೆಳಗೆ ಕೆಲಸದ ಖರ್ಚು ಬರೆಯಿರಿ. ಪೆಟ್ರೋಲ್ 1,800. ವೈಪರ್ ರಬ್ಬರ್, ಮೈಕ್ರೋಫೈಬರ್ ಬಟ್ಟೆ, ಸೋಪು 500. ಫೋನ್ ರೀಚಾರ್ಜ್ 300. ಬೈಕು-ಏಣಿ ರಿಪೇರಿ ಮತ್ತು ಮುಂದೊಂದು ದಿನ ಹೊಸದು ಕೊಳ್ಳೋಕೆ ಎತ್ತಿಡುವುದು 900. ಒಟ್ಟು 3,500. ಎರಡೂ ಸೇರಿ 23,500.

ತಿಂಗಳಿಗೆ 24 ದಿನ ಕೆಲಸ ಅಂದರೆ ದಿನಕ್ಕೆ ಸುಮಾರು 980 ಬರಬೇಕು. ಇಲ್ಲಿಗೆ ನಿಲ್ಲಿಸಬೇಡಿ. ನಮ್ಮ ಕಡೆ ವರ್ಷದ ಎಲ್ಲ ತಿಂಗಳೂ ಒಂದೇ ಥರ ಇರುವುದಿಲ್ಲ. ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಸುತ್ತಾರೆ, ಬಿಸಿಲು ಹಾಗಿದೆ. ಗಾಜಿನ ಕೆಲಸಕ್ಕಂತೂ ಬಿಸಿಲು ದೊಡ್ಡ ಶತ್ರು. ಪಶ್ಚಿಮಕ್ಕೆ ಮುಖ ಮಾಡಿದ ಕಿಟಕಿಗೆ ಮಧ್ಯಾಹ್ನ 3 ಗಂಟೆಗೆ ಸೋಪಿನ ನೀರು ಹಚ್ಚಿ ನೋಡಿ. ವೈಪರ್ ಮೇಲಿನಿಂದ ಅರ್ಧಕ್ಕೆ ಬರುವಷ್ಟರಲ್ಲಿ ಕೆಳಗಿನ ಅರ್ಧ ಒಣಗಿ ಗೆರೆ ಗೆರೆ ಆಗಿರುತ್ತದೆ. ಮತ್ತೆ ನೀರು, ಮತ್ತೆ ಗೆರೆ. ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆಯಿಂದ ಹತ್ತು, ಸಂಜೆ ಐದರ ಮೇಲೆ ಒಂದೂವರೆ ಗಂಟೆ, ಅಷ್ಟೇ ಕೆಲಸದ ಹೊತ್ತು. ಮಳೆಗಾಲದಲ್ಲಿ ಗಿರಾಕಿಗಳೇ "ಮಳಿ ಹೋಗ್ಲಿ ಬಿಡು" ಅಂತಾರೆ. ಈ ಖಾಲಿ ದಿನಗಳನ್ನು ದುಡಿಮೆಯ ದಿನಗಳೇ ಹೊರಬೇಕು. ಅದಕ್ಕೆ 980ರ ಮೇಲೆ ಕಾಲು ಭಾಗ ಸೇರಿಸಿ. ಹೆಚ್ಚು ಕಡಿಮೆ 1,250 ಆಯಿತು.

ಇನ್ನು ದಿನಕ್ಕೆ ಎಷ್ಟು ಗಂಟೆ ಮಾರಾಟ ಆಗುತ್ತದೆ? ಮನೆ ಬಿಟ್ಟು ಎಂಟು-ಒಂಬತ್ತು ಗಂಟೆ ಹೊರಗೇ ಇರುತ್ತೀರಿ. ಆದರೆ ಒಬ್ಬರು ಬರೀ ನೋಡಿಕೊಂಡು ಹೋಗು ಅಂತ ಕರೆದಿರುತ್ತಾರೆ. ಇನ್ನೊಬ್ಬರು ಬೀಗ ಹಾಕಿಕೊಂಡು ಮದುವೆಗೆ ಹೋಗಿರುತ್ತಾರೆ. ಮತ್ತೊಂದು ಕಡೆ ಟ್ಯಾಂಕ್ ಖಾಲಿ. ಓಡಾಟ ಸೇರಿಸಿ 6 ಗಂಟೆಗೆ ರೊಕ್ಕ ಬಂದರೆ ಅದು ಒಳ್ಳೆಯ ದಿನ. 1,250ನ್ನು 6ರಿಂದ ಭಾಗಿಸಿ. ಗಂಟೆಗೆ 210, ಅಂದರೆ ನಿಮಿಷಕ್ಕೆ ಮೂರೂವರೆ ರೂಪಾಯಿ. ಇದೊಂದು ಅಂಕಿ ತಲೆಯಲ್ಲಿರಲಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕನಿಷ್ಠ ರೇಟು ಇಲ್ಲದೆ ಬೈಕ್ ಹತ್ತಬೇಡಿ

ಸಣ್ಣ ಕೆಲಸದಲ್ಲಿ ನೀವು ಮಾರುವುದು ಗಾಜು ಒರೆಸುವುದಕ್ಕಿಂತ ಜಾಸ್ತಿ ನಿಮ್ಮ ಹೋಗಿ-ಬರುವ ಹೊತ್ತನ್ನು. ಊರೊಳಗೇ ಒಂದು ಮನೆಗೆ ಹೋಗಿ ಬರೋಕೆ 40 ನಿಮಿಷ. ಸಾಮಾನು ಇಳಿಸಿ, ಪರದೆ ಸರಿಸಿ, ಸೋಫಾ ಪಕ್ಕಕ್ಕಿಟ್ಟು, ಕೊನೆಗೆ ನೆಲಕ್ಕೆ ಬಿದ್ದ ನೀರು ಒರೆಸಿ ಎದ್ದು ಬರಲು 15 ನಿಮಿಷ. ಒಟ್ಟು 55 ನಿಮಿಷ. ನಿಮಿಷಕ್ಕೆ ಮೂರೂವರೆಯಂತೆ ಇದೇ 190 ದಾಟಿತು. ಇನ್ನೂ ಒಂದು ಗಾಜು ಕೂಡ ಮುಟ್ಟಿಲ್ಲ.

ಆದರೆ ಬಿಲ್ಲಿನಲ್ಲಿ "ಹೋಗಿ ಬರುವ ಖರ್ಚು 190" ಅಂತ ಬರೆದರೆ ನಮ್ಮ ಜನ ಒಪ್ಪುವುದಿಲ್ಲ. "ನಾವೇನ್ ನಿನ್ನ ದುಬೈಯಿಂದ ಕರೆಸೀವೇನು?" ಅಂತಾರೆ. ಅದಕ್ಕೆ ಅದನ್ನು ಮೊದಲ ಮೂರು ಕಿಟಕಿಯೊಳಗೆ ಸೇರಿಸಿಬಿಡಿ. ಎರಡು ಬಾಗಿಲಿನ ಸಾಧಾರಣ ಸ್ಲೈಡಿಂಗ್ ಕಿಟಕಿ, ಒಳಗೆ ಹೊರಗೆ ಎರಡೂ ಕಡೆ, ಫ್ರೇಮ್ ಸಮೇತ, ಕೈ ಪಳಗಿದವರಿಗೆ 10 ನಿಮಿಷ. ಮೂರಕ್ಕೆ 30. ಜೊತೆಗೆ ಆ 55. ಒಟ್ಟು 85 ನಿಮಿಷಕ್ಕೆ 297 ರೂಪಾಯಿ ಆಗುತ್ತದೆ. ಹಾಗಾಗಿ ಫೋನಿನಲ್ಲಿ ಹೇಳುವ ಮಾತು ಇಷ್ಟೇ: "ಮೂರು ಕಿಟಕಿವರೆಗೆ 300, ಅದರ ಮೇಲೆ ಒಂದೊಂದಕ್ಕೆ 40." ಒಂದೇ ಕಿಟಕಿ ಇದ್ದರೂ 300. ಹೇಳುವವರಿಗೆ ಸಂಕೋಚ ಆಗುತ್ತದೆ, ನಿಜ. ಆದರೆ ಒಂದೇ ಕಿಟಕಿ ಅಂದವರು 300 ಕೇಳಿದ ಕೂಡಲೇ "ಹಂಗಾದ್ರ ಇನ್ನೆರಡೂ ಮಾಡಿಬಿಡು" ಅನ್ನುವುದೇ ಜಾಸ್ತಿ.

ಊರ ಹೊರಗಿನದಕ್ಕೆ ಬೇರೆ ಲೆಕ್ಕ. ಬಳ್ಳಾರಿಯಿಂದ ತೋರಣಗಲ್ಲು ಸುಮಾರು 30 ಕಿಲೋಮೀಟರ್. ಲಾರಿಗಳ ನಡುವೆ ಹೋಗಿ ಬರಲು 100 ನಿಮಿಷ ಇಟ್ಟುಕೊಳ್ಳಿ. ಜೊತೆಗೆ ನೂರು ರೂಪಾಯಿಗೆ ಕಮ್ಮಿ ಇಲ್ಲದ ಪೆಟ್ರೋಲ್. ಅಲ್ಲಿಗೆ ಕನಿಷ್ಠ ರೇಟು 600 ಆಗುತ್ತದೆ. ಇದನ್ನು ಒಂದೇ ಮನೆಯವರು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಆಗ ಹೀಗೆ ಹೇಳಿ: "ನಿಮ್ಮ ಓಣ್ಯಾಗ ಇನ್ನೊಂದು ಮನಿ ಹಿಡಿದು ಕೊಡ್ರಿ, ಇಬ್ಬರಿಗೂ 350 ಮಾಡ್ತೀನಿ." ಕಾರ್ಖಾನೆ ಕ್ವಾರ್ಟರ್ಸ್‌ಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಒಬ್ಬರ ಮನೆಯ ಗಾಜು ಹೊಳೆದರೆ ಎದುರು ಮನೆಯವರು ಬಾಲ್ಕನಿಯಿಂದಲೇ ರೇಟು ಕೇಳುತ್ತಾರೆ.

ಕಿಟಕಿ ಎಣಿಸಿದರೆ ಸಾಲದು, ಎಂಥ ಕಿಟಕಿ ಅಂತ ಕೇಳಿ

ಸೊಳ್ಳೆ ಜಾಲರಿ ಇದ್ದರೆ 20 ಸೇರಿಸಿ. ಬಿಚ್ಚಿ, ತೊಳೆದು, ಒಣಗಿಸಿ ಕೂರಿಸಲು ಐದು ನಿಮಿಷ ಹೆಚ್ಚಿಗೆ ಬೇಕು. ಬಚ್ಚಲಿನ ವೆಂಟಿಲೇಟರ್‌ನಲ್ಲಿ ಅಡ್ಡ ಗಾಜಿನ ಪಟ್ಟಿಗಳಿದ್ದರೆ ಅದೊಂದಕ್ಕೇ 50. ನೋಡೋಕೆ ಪುಟ್ಟದು, ಆದರೆ ಒಂದೊಂದು ಪಟ್ಟಿಯನ್ನೂ ಕೈಯಲ್ಲೇ ಒರೆಸಬೇಕು, ಅಂಚು ಬೆರಳು ಕೊಯ್ಯುತ್ತದೆ. ಹಳೆಯ ಮರದ ಕಿಟಕಿ, ಒಳಗೆ ಕಬ್ಬಿಣದ ಸರಳು, ಸಣ್ಣ ಸಣ್ಣ ಗಾಜಿನ ಚೌಕ, ಬ್ರೂಸ್‌ಪೇಟೆಯಂಥ ಹಳೇ ಬಡಾವಣೆಗಳಲ್ಲಿ ಇಂಥವು ಇನ್ನೂ ಇವೆ. ಇದಕ್ಕೆ 60. ವೈಪರ್ ಓಡುವುದಿಲ್ಲ, ಸರಳಿನ ಸಂದಿಯಲ್ಲಿ ಕೈ ತೂರಿಸಬೇಕು, ಮೂಲೆಗೆ ಬಟ್ಟೆ ಸುತ್ತಿದ ಕಡ್ಡಿ ಬೇಕು.

ಹೊರಗಡೆ ಏಣಿ ಹತ್ತಬೇಕಾದ ಮೊದಲ ಮಹಡಿಯ ಕಿಟಕಿಗೆ ಒಂದೂವರೆ ಪಟ್ಟು. ಅದಕ್ಕೂ ಮೇಲೆ, ಬರೀ ಸಜ್ಜಾ (ಕಿಟಕಿ ಮೇಲಿನ ಚಾಚು ಹಲಗೆ) ಮೇಲೆ ನಿಂತು ಮಾಡಬೇಕು ಅಂದರೆ ರೇಟು ಹೇಳಲೇಬೇಡಿ. ಸೊಂಟಕ್ಕೆ ಬೆಲ್ಟು, ಮೇಲೆ ಗಟ್ಟಿಯಾಗಿ ಹಗ್ಗ ಕಟ್ಟಲು ಜಾಗ ಇಲ್ಲದಿದ್ದರೆ ಒಳಗಿನಿಂದ ಕೈಗೆ ಎಟಕಿದಷ್ಟು ಮಾತ್ರ ಮಾಡಿ. ಕಿಟಕಿ ಹತ್ತಿರ ಕರೆಂಟ್ ತಂತಿ ಹಾದು ಹೋಗಿದ್ದರೆ ಅಲ್ಯೂಮಿನಿಯಂ ಏಣಿ ಇಳಿಸುವುದೇ ಬೇಡ. ಹೇಗೂ ಮಾತು ಬಂತು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದವರೆಗೆ ಅಪಘಾತ ವಿಮೆ ಸಿಗುತ್ತದೆ. 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯಿಂದಲೇ ಮಾಡಿಸಬಹುದು. ಏಣಿ ಹತ್ತುವವರು ಇದನ್ನು ಮಾಡಿಸದೆ ಇರಬಾರದು.

ನಮ್ಮ ಧೂಳು, ನಮ್ಮ ನೀರು

ಬೆಂಗಳೂರಿನವರ ವಿಡಿಯೋ ನೋಡಿ ರೇಟು ಇಟ್ಟರೆ ಇಲ್ಲಿ ಕೈ ಸುಟ್ಟುಕೊಳ್ಳುವುದು ಖಚಿತ. ಅಲ್ಲಿನ ಕಿಟಕಿ ಬೇರೆ, ಇಲ್ಲಿನ ಕಿಟಕಿ ಬೇರೆ. ಸಂಡೂರು-ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು. ಕೊಪ್ಪಳದ ಗಿಣಿಗೇರಾ ಸುತ್ತ ಕಾರ್ಖಾನೆಯ ಕಪ್ಪು ಪುಡಿ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಿದ್ದಾರೆ, ಅಲ್ಲಿ ಬೂದಿ. ಸಿಂಧನೂರು, ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಹೊಟ್ಟು-ತೌಡಿನ ಧೂಳು. ಅದು ಜಾಲರಿಗೆ ಮೆತ್ತಿಕೊಂಡರೆ ಬರೀ ನೀರಿಗೆ ಬಿಡುವುದಿಲ್ಲ, ಸೋಪಿನಲ್ಲಿ ನೆನೆಸಬೇಕು.

ಕೆಂಪು ಧೂಳಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಅದಿರಿನಲ್ಲಿ ಮುಖ್ಯವಾಗಿ ಇರುವುದು ಹೆಮಟೈಟ್. ಕಲ್ಲುಗಳ ಗಡುಸುತನ ಹೋಲಿಸುವ ಮೋಸ್ ಅಳತೆಯಲ್ಲಿ ಅದು 5ರಿಂದ 6.5. ಕಿಟಕಿ ಗಾಜಿನದು ಸುಮಾರು 5.5. ಮರಳಿನಲ್ಲಿರುವ ಬೆಣಚು ಕಲ್ಲಿನದು 7. ಅಂದರೆ ಗಾಜಿನ ಮೇಲೆ ಕೂತಿರುವ ಧೂಳು ಗಾಜಿಗಿಂತ ಗಟ್ಟಿ ಇರಬಹುದು. ಒಣ ಬಟ್ಟೆಯಲ್ಲಿ ಜೋರಾಗಿ ಒರೆಸಿದರೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಸಂಜೆ ಬಿಸಿಲು ಅಡ್ಡ ಬಿದ್ದಾಗ ಅವೆಲ್ಲ ಕಾಣುತ್ತವೆ, ಆಗ ಮನೆಯವರು ನಿಮಗೆ ಫೋನ್ ಮಾಡುತ್ತಾರೆ. ಹಾಗಾಗಿ ಮೊದಲು ಮೆತ್ತನೆಯ ಬ್ರಷ್‌ನಿಂದ ಸಡಿಲ ಧೂಳು ಕೆಡವಿ. ಆಮೇಲೆ ಧಾರಾಳವಾಗಿ ನೀರು. ಕೆಂಪು ನೀರು ಇಳಿದು ಹೋಗುವವರೆಗೆ ಬಟ್ಟೆ ಮುಟ್ಟಿಸಬೇಡಿ. ಬಕೆಟ್ ನೀರನ್ನು ಮೂರು ನಾಲ್ಕು ಕಿಟಕಿಗೊಮ್ಮೆ ಬದಲಿಸಲೇಬೇಕು. ಸ್ಲೈಡಿಂಗ್ ಹಳಿಯೊಳಗೆ ಈ ಧೂಳು ಮಳೆನೀರಿಗೆ ಕಲೆತು ಇಟ್ಟಿಗೆಯಂತೆ ಕೂತಿರುತ್ತದೆ. ಹಳೇ ಟೂತ್‌ಬ್ರಷ್ ಮತ್ತು ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಕೆದರಬೇಕು.

ಇದಕ್ಕೆಲ್ಲ ಹೊತ್ತು ಬೇಕು, ಹೊತ್ತಿಗೆ ರೊಕ್ಕ ಬೇಕು. ನನ್ನ ಅಭಿಪ್ರಾಯ ಏನೆಂದರೆ, ವರ್ಷಗಟ್ಟಲೆ ಕೈ ಇಡದ ಮನೆಗೆ ಮೊದಲ ಸಲ ಕಾಲು ಭಾಗ ಹೆಚ್ಚು ಕೇಳಿ. ನಾಲ್ಕು ತಿಂಗಳೊಳಗೆ ಮತ್ತೆ ಕರೆದರೆ ಮಾಮೂಲಿ ರೇಟು ಅಂತ ಅದೇ ಉಸಿರಿಗೆ ಹೇಳಿ. ಗಿರಾಕಿಗೆ ಇದು ನ್ಯಾಯ ಅನಿಸುತ್ತದೆ, ನಿಮಗೆ ಎರಡನೇ ಸಲದ ಕೆಲಸವೂ ಸಿಗುತ್ತದೆ.

ಇನ್ನು ನೀರು. ಬೋರ್‌ವೆಲ್ ನೀರು ಗಡುಸು, ಅಂದರೆ ಲವಣ ಜಾಸ್ತಿ. ಅದರಲ್ಲೇ ಕೊನೆಯ ಸಲ ತೊಳೆದು ಬಿಟ್ಟರೆ ಒಣಗಿದ ಮೇಲೆ ಬಿಳಿ ಚುಕ್ಕಿ ಉಳಿಯುತ್ತದೆ, ಮಾಡಿದ ಕೆಲಸಕ್ಕೆ ಹೆಸರಿಲ್ಲ. ಇದಕ್ಕೆ ಅಗ್ಗದ ಉಪಾಯ ಇದೆ. ಹೋಗುವ ದಾರಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಒಂದು ಕ್ಯಾನ್ ತುಂಬಿಸಿಕೊಳ್ಳಿ. ಅಲ್ಲಿ ನೀರಿನ ಲವಣ ತೆಗೆದಿರುತ್ತಾರೆ. ಕೆಲವೇ ರೂಪಾಯಿ ಖರ್ಚು. ಕೊನೆಯ ಕೈ ಮಾತ್ರ ಆ ನೀರಲ್ಲಿ ಮಾಡಿ, ಚುಕ್ಕಿ ಬೀಳುವುದಿಲ್ಲ.

ಮೊದಲೇ ಕೂತಿರುವ ಬಿಳಿ ಕಲೆ ಇದೆಯಲ್ಲ, ಅದಕ್ಕೆ ಮಾತ್ರ ಕಿಟಕಿ ಲೆಕ್ಕದಲ್ಲಿ ರೇಟು ಒಪ್ಪಿಕೊಳ್ಳಬೇಡಿ. ಒಂದು ಮೂಲೆಯಲ್ಲಿ ವಿನೆಗರ್ ಇಲ್ಲವೇ ನಿಂಬೆರಸ ಹಚ್ಚಿ ಹತ್ತು ನಿಮಿಷ ಬಿಡಿ. ಉಜ್ಜಿದಾಗ ಕಲೆ ಕರಗಿದರೆ ಅದು ಲವಣ. ಗಂಟೆಗೆ ಇಷ್ಟು ಅಂತ ಹೇಳಿ ಮಾಡಬಹುದು. ಕಷ್ಟದ ಕೆಲಸ ಆದ್ದರಿಂದ 210ರ ಬದಲು 250 ಕೇಳಿದರೂ ತಪ್ಪಿಲ್ಲ. ಏನು ಮಾಡಿದರೂ ಮಂಜು ಮಂಜಾಗೇ ಇದ್ದರೆ ಗಾಜೇ ಸವೆದಿದೆ. ಅದು ಹೋಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಬಚ್ಚಲು ತೊಳೆಯುವ ಆಸಿಡ್ ತರ್ತೀನಿ ಅಂತ ಯಾರಾದರೂ ಅಂದರೆ ಬೇಡ ಅನ್ನಿ, ಅಲ್ಯೂಮಿನಿಯಂ ಫ್ರೇಮ್ ಕಪ್ಪಾಗುತ್ತದೆ. ವಿನೆಗರ್ ಹಚ್ಚುವಾಗಲೂ ಕೆಳಗೆ ನೋಡಿಕೊಳ್ಳಿ. ನಮ್ಮ ಮನೆಗಳ ಕಿಟಕಿ ಹಲಗೆ ಬಹಳಷ್ಟು ಕಡಪಾ ಕಲ್ಲಿನದು. ಅದು ಸುಣ್ಣದ ಕಲ್ಲು, ಹುಳಿ ಬಿದ್ದ ಕಡೆ ಹೊಳಪು ಹೋಗುತ್ತದೆ. ಒದ್ದೆ ಬಟ್ಟೆ ಹಾಸಿಕೊಂಡು ಮಾಡಿ.

ಗೃಹಪ್ರವೇಶದ ಮುಂಚಿನ ಕೆಲಸ

ಇದು ಬೇರೆಯೇ ಕೆಲಸ, ಬೇರೆಯೇ ರೇಟು. ಗಾಜಿನ ಮೇಲೆ ಪೇಂಟ್ ಹನಿ, ಸಿಮೆಂಟ್ ಚಿಮ್ಮಿದ್ದು, ಫ್ರೇಮಿಗೆ ಅಂಟಿಸಿದ ಟೇಪು. ಒಂದೊಂದು ಕಿಟಕಿಗೆ ಅರ್ಧ ಗಂಟೆ ಹೋಗುತ್ತದೆ, ಹಾಗಾಗಿ ಕಿಟಕಿಗೆ ನೂರಕ್ಕಿಂತ ಕೆಳಗೆ ಇಳಿಯಬೇಡಿ. ಬ್ಲೇಡ್ ಸ್ಕ್ರೇಪರ್ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿ: ಗಾಜಿಗೆ ಬಿಸಿಲು ತಡೆಯುವ ಫಿಲಂ ಅಂಟಿಸಿದ್ದೀರಾ? ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಾ? ಫಿಲಂ ಇದ್ದರೆ ಬ್ಲೇಡ್ ಮುಟ್ಟಿಸುವಂತಿಲ್ಲ. ಟಫನ್ಡ್ ಗಾಜಿನ ಮೈಮೇಲೆ ತಯಾರಾಗುವಾಗಲೇ ಕಣ್ಣಿಗೆ ಕಾಣದ ಕಣಗಳು ಅಂಟಿರಬಹುದು. ಬ್ಲೇಡ್ ಅವನ್ನು ಎಳೆದುಕೊಂಡು ಹೋಗಿ ಗೀರು ಮಾಡುತ್ತದೆ. ಗಿರಾಕಿ "ಪರವಾಗಿಲ್ಲ ಮಾಡು" ಅಂತ ಮೆಸೇಜಿನಲ್ಲಿ ಬರೆದು ಕೊಟ್ಟ ಮೇಲೆಯೇ ಕೈ ಹಾಕಿ. ಮೇಸ್ತ್ರಿ, ಪೇಂಟರ್, ಎಲೆಕ್ಟ್ರಿಷಿಯನ್ ಎಲ್ಲರೂ ಹೋದ ಮೇಲೆಯೇ ಬರ್ತೀನಿ ಅನ್ನಿ. ಇಲ್ಲದಿದ್ದರೆ ನೀವು ಮುಗಿಸಿದ ಮರುದಿನ ಒಬ್ಬರು ಗೋಡೆ ಕೊರೆದು ಎಲ್ಲ ಮೊದಲಿನಂತೆ ಮಾಡಿರುತ್ತಾರೆ. ಆಗ ಎರಡನೇ ಸಲ ಬಂದಿದ್ದಕ್ಕೆ ಯಾರು ಕೊಡಬೇಕು ಅನ್ನುವ ಜಗಳ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ

ಬಳ್ಳಾರಿ ಗಾಂಧಿನಗರದಲ್ಲಿ ನೆಲಮಹಡಿಯ ಒಂದು ಮನೆ ಅಂದುಕೊಳ್ಳಿ. ಜಾಲರಿ ಇರುವ ಸ್ಲೈಡಿಂಗ್ ಕಿಟಕಿ 8. ಸರಳಿನ ಮರದ ಕಿಟಕಿ 2. ಬಚ್ಚಲ ವೆಂಟಿಲೇಟರ್ 1.

ಮೊದಲ ಮೂರು ಕಿಟಕಿಗೆ 300
ಉಳಿದ ಐದಕ್ಕೆ 40ರಂತೆ 200
ಎಂಟು ಜಾಲರಿಗೆ 20ರಂತೆ 160
ಮರದ ಎರಡಕ್ಕೆ 60ರಂತೆ 120
ವೆಂಟಿಲೇಟರ್‌ಗೆ 50
ಒಟ್ಟು 830

ಈಗ ಹೊತ್ತಿನ ಲೆಕ್ಕದಲ್ಲಿ ತಾಳೆ ನೋಡಿ. ಸ್ಲೈಡಿಂಗ್ 80 ನಿಮಿಷ, ಜಾಲರಿ 40, ಮರದವು 34, ವೆಂಟಿಲೇಟರ್ 14, ಓಡಾಟ-ಜೋಡಣೆ 55. ಒಟ್ಟು 223 ನಿಮಿಷಕ್ಕೆ ಮೂರೂವರೆಯಂತೆ 780. ನಿಮ್ಮ 830ರಲ್ಲಿ ಐವತ್ತು ರೂಪಾಯಿ ಸಡಿಲ ಇದೆ. ಚೌಕಾಸಿಗೆ ಅದು ಬೇಕಾಗುತ್ತದೆ. ಮೊದಲ ಸಲದ ಧೂಳು ಅಂದರೆ 1,050 ಹೇಳಿ.

ಪ್ರತಿ ಕೆಲಸ ಆದ ಮೇಲೆ ಫೋನಿನಲ್ಲೇ ಎಷ್ಟು ಗಂಟೆಗೆ ಮನೆ ಬಿಟ್ಟೆ, ಎಷ್ಟು ಗಂಟೆಗೆ ಮುಗಿಯಿತು ಅಂತ ಬರೆದಿಡಿ. ಹತ್ತಾರು ಮನೆ ಆದ ಮೇಲೆ ನನ್ನ 10 ನಿಮಿಷ ನಿಮಗೆ 8 ಇರಬಹುದು, 13 ಇರಬಹುದು. ಆಗ ರೇಟನ್ನು ನಿಮ್ಮ ಕೈಗೆ ತಕ್ಕ ಹಾಗೆ ತಿದ್ದಿಕೊಳ್ಳಿ.

ಅಂಗಡಿಗಳಿಗೆ ಬೇರೆ ಲೆಕ್ಕ

ಅಂಗಡಿಯವರಿಗೆ 300 ಅಂದರೆ ನಗುತ್ತಾರೆ. ಅವರದು ಮುಂದಿನ ಗಾಜು ಮಾತ್ರ, ಹೊರಗಿನ ಬದಿ ಮಾತ್ರ, ಆದರೆ ವಾರ ವಾರ ಬೇಕು. ಇಲ್ಲಿ ಲಾಭ ಇರುವುದು ಸಾಲಿನಲ್ಲಿ. ಬೆಂಗಳೂರು ರಸ್ತೆಯಲ್ಲೋ ರಾಯಲ್ ಸರ್ಕಲ್ ಸುತ್ತಲೋ ಅಕ್ಕಪಕ್ಕದ ಹತ್ತು ಅಂಗಡಿ ಹಿಡಿಯಿರಿ. ಒಂದಕ್ಕೆ 6 ನಿಮಿಷ, ಅಂಗಡಿಯಿಂದ ಅಂಗಡಿಗೆ ಹೋಗಲು ಒಟ್ಟು 20 ನಿಮಿಷ, ಮನೆಯಿಂದ ಓಡಾಟ-ಜೋಡಣೆ ಅದೇ 55. ಎಲ್ಲ ಸೇರಿ 135 ನಿಮಿಷ, ಅಂದರೆ 472 ರೂಪಾಯಿಯ ಹೊತ್ತು. ಅಂಗಡಿಗೆ 50ರಂತೆ 500 ಬಂತು. ಹತ್ತರಲ್ಲಿ ನಾಲ್ಕು ಅಂಗಡಿ ಕೈಬಿಟ್ಟರೆ ಈ ಲೆಕ್ಕ ಕುಸಿಯುತ್ತದೆ. ಆಗ 50ಕ್ಕೆ ಅಂಟಿಕೊಂಡು ಕೂರಬೇಡಿ, 70 ಕೇಳಿ.

ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ಹೋಗಿ. ಆದರೆ ರೊಕ್ಕ ಕೇಳಲು ಆ ಹೊತ್ತಿಗೆ ಹೋಗಬೇಡಿ. ಬೋಣಿಗೆ ಮುಂಚೆ ಯಾರೂ ಗಲ್ಲಾ ತೆಗೆಯುವುದಿಲ್ಲ, ಕೇಳಿದವರ ಮೇಲೆ ಸಿಟ್ಟು ಬೇರೆ. ತಿಂಗಳ ಕೊನೆಗೆ ಒಂದೇ ಸಲ ಸಂಜೆ ಹೋಗಿ, ಇಲ್ಲವೇ ಫೋನ್‌ಪೇಗೆ ಹಾಕಿಸಿಕೊಳ್ಳಿ. ತಿಂಗಳಿಗಿಂತ ಹೆಚ್ಚು ಉದ್ರಿ ಬೇಡ.

ಚೌಕಾಸಿ ಬಂದೇ ಬರುತ್ತದೆ

"ಏನ್ ತಮ್ಮಾ, ಗ್ಲಾಸ್ ಒರ್ಸಾಕ ಎಂಟನೂರಾ? ನಮ್ಮ ಕೆಲಸದಾಕಿ ಹಂಗೇ ಮಾಡ್ತಾಳ."

ಈ ಮಾತಿಗೆ ಸಿಟ್ಟಾಗಬೇಡಿ, ಬೆಲೆಯನ್ನೂ ಇಳಿಸಬೇಡಿ. ಏನು ಮಾಡುತ್ತೀರಿ ಅಂತ ಹೇಳಿ. "ಬರೇ ಒರಸೂದಲ್ಲಕ್ಕಾ. ಜಾಲರಿ ಬಿಚ್ಚಿ ತೊಳೀತೀನಿ, ಹಳಿ ಕೆದರತೀನಿ, ಹೊರಗಿನ ಕಡೀನೂ ಮಾಡ್ತೀನಿ. ಕಿಟಕಿ ಒಂದ ಬೆರಳಾಗ ಸರಿಬೇಕು, ಹಂಗ ಮಾಡಿ ಕೊಡ್ತೀನಿ." ಸಾಧ್ಯ ಇದ್ದರೆ ಒಂದು ಗಾಜಿನ ಅರ್ಧ ಮಾತ್ರ ಅಲ್ಲೇ ಮಾಡಿ ತೋರಿಸಿ. ಎರಡು ನಿಮಿಷದ ಕೆಲಸ. ಅರ್ಧ ಕೆಂಪು, ಅರ್ಧ ಗಾಜೇ ಇಲ್ಲವೇನೋ ಅನ್ನುವ ಹಾಗೆ ಕಂಡ ಮೇಲೆ ಮಾತು ತಾನಾಗಿಯೇ ಮೆತ್ತಗಾಗುತ್ತದೆ.

ಅದಾದ ಮೇಲೂ ಕಮ್ಮಿ ಮಾಡು ಅಂದರೆ, ರೇಟು ಬಿಡಬೇಡಿ, ಕೆಲಸ ಬಿಡಿ. "ಜಾಲರಿ ಬ್ಯಾಡಂದ್ರ 160 ಕಮ್ಮಿ ಆಕ್ಕತಿ, ನೋಡ್ರಿ." ಸುಮ್ನೆ 830ನ್ನು 600ಕ್ಕೆ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳು ಅಂತಾಯಿತು, ಮುಂದಿನ ಸಲ 400ರಿಂದ ಶುರು ಮಾಡುತ್ತಾರೆ. ಚಿಲ್ಲರೆ ಮೂವತ್ತು ಬಿಟ್ಟು 800 ಮಾಡಿ, ಅದು ನಮ್ಮ ಕಡೆಯ ಮರ್ಯಾದೆ. ಕೊಟ್ಟ ಚಹಾ ಕುಡಿದು ಬನ್ನಿ, ಅದೂ ಮರ್ಯಾದೆಯೇ.

"ಮುಂದಿನ ಸಲಾನೂ ನಿನ್ನೇ ಕರೀತೀವಿ, ಈಗ ಕಮ್ಮಿ ಮಾಡು" ಅನ್ನುವವರಿಗೆ ಒಂದೇ ಉತ್ತರ: ಮುಂದಿನ ಸಲ ಕರೆದಾಗ ಕಮ್ಮಿ ಮಾಡ್ತೀನಿ. ನಂಟರು, ಅದೇ ಓಣಿಯವರು ಅಂದರೆ ಕಷ್ಟ. ಅವರಿಗೆ ಬಿಟ್ಟಿ ಮಾಡಿಕೊಟ್ಟರೂ ಪರವಾಗಿಲ್ಲ, ಅರ್ಧ ರೇಟಿಗೆ ಮಾತ್ರ ಮಾಡಬೇಡಿ. ಬಿಟ್ಟಿ ಮಾಡಿದ್ದು ಉಪಕಾರ ಅಂತ ನೆನಪಿರುತ್ತದೆ. ಅರ್ಧ ರೇಟಿಗೆ ಮಾಡಿದರೆ ಅದೇ ನಿಮ್ಮ ರೇಟು ಅಂತ ಊರೆಲ್ಲ ಹೇಳುತ್ತಾರೆ.

ಮಾತು ಮೆಸೇಜಿನಲ್ಲಿ ಇರಲಿ

ಒಪ್ಪಿಗೆ ಆದ ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಇಷ್ಟು ಕಳಿಸಿ:

"ನಮಸ್ಕಾರ ಅಕ್ಕಾ. ಗುರುವಾರ ಬೆಳಿಗ್ಗೆ 7ಕ್ಕೆ ಬರ್ತೀನಿ. 8 ಸ್ಲೈಡಿಂಗ್ ಕಿಟಕಿ ಜಾಲರಿ ಸಮೇತ, 2 ಮರದ ಕಿಟಕಿ, 1 ವೆಂಟಿಲೇಟರ್. ಒಳಗೆ-ಹೊರಗೆ ಎರಡೂ ಕಡೆ. ಒಟ್ಟು 800. ಬಿಳಿ ಕಲೆ, ಪೇಂಟ್ ಕಲೆ ಇದರಲ್ಲಿ ಸೇರಿಲ್ಲ. ಎರಡು ಬಕೆಟ್ ನೀರು ಬೇಕು. ಕೆಲಸ ಮುಗಿದ ಕೂಡಲೇ ಫೋನ್‌ಪೇ ಅಥವಾ ಕ್ಯಾಶ್."

ಕೆಲಸ ಶುರು ಮಾಡುವ ಮುಂಚೆ ಒಡೆದ ಗಾಜು, ಹರಿದ ಜಾಲರಿ, ಸಡಿಲ ಆದ ಲಪ್ಪ (ಗಾಜು ಕೂರಿಸುವ ಪುಟ್ಟಿ) ಇದ್ದರೆ ಮನೆಯವರನ್ನು ಕರೆದು ತೋರಿಸಿ, ಫೋಟೋ ತೆಗೆದು ಅವರಿಗೇ ಕಳಿಸಿ. ಹಳೆಯ ಮರದ ಕಿಟಕಿಯಲ್ಲಿ ಲಪ್ಪ ಉದುರಿ ಗಾಜು ಬರೀ ಎರಡು ಮೊಳೆಯ ಮೇಲೆ ನಿಂತಿರುವುದು ಉಂಟು. ನಿಮ್ಮ ಕೈಯಿಂದಲೇ ಒಡೆದರೆ ಗಾಜು ನೀವೇ ಹಾಕಿಸಿ ಕೊಡಿ, ವಾದ ಮಾಡಬೇಡಿ. ನಾಲ್ಕು ಮನೆಗೆ ನಿಮ್ಮ ಹೆಸರು ಹೇಳುವವರು ಇವರೇ.

ಆಫೀಸಿನವರು ಜಿಎಸ್‌ಟಿ ಬಿಲ್ ಕೇಳಬಹುದು. ಸೇವೆ ಕೊಡುವವರಿಗೆ ವರ್ಷದ ವ್ಯವಹಾರ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಇಲ್ಲ. ನಮ್ಮ ಲೆಕ್ಕದ 1,250ರಲ್ಲಿ ತಿಂಗಳಿಗೆ 24 ದಿನದಂತೆ ವರ್ಷಪೂರ್ತಿ ದುಡಿದರೂ ನಾಲ್ಕು ಲಕ್ಷ ಮುಟ್ಟುವುದಿಲ್ಲ. ಹೆಸರು, ತಾರೀಕು, ಕೆಲಸ, ಮೊತ್ತ ಬರೆದ ಸಾದಾ ಬಿಲ್ ಕೊಡಿ, ಸಾಕು. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಆನ್‌ಲೈನ್‌ನಲ್ಲಿ ಉಚಿತ, ಮಾಡಿಸಿಕೊಂಡರೆ ಬ್ಯಾಂಕಿನಲ್ಲಿ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ. ಅದಕ್ಕೂ ದುಡ್ಡು ಕೇಳುವ ಏಜೆಂಟರಿದ್ದಾರೆ, ಹುಷಾರು.

ಹಬ್ಬದ ಮುಂಚೆ, ಹಬ್ಬದ ನಂತರ

ದಸರಾ-ದೀಪಾವಳಿ ಮುಂಚೆ, ಯುಗಾದಿ ಮುಂಚೆ, ಕೊಪ್ಪಳದವರಿಗೆ ಜನವರಿಯಲ್ಲಿ ಗವಿಮಠದ ಜಾತ್ರೆ ಮುಂಚೆ ಫೋನ್ ಬಿಡುವಿಲ್ಲದೆ ಬಡಿಯುತ್ತದೆ. ಆಗ ರೇಟು ಏರಿಸಬೇಕೇ? ಹಳೇ ಗಿರಾಕಿಗೆ ಏರಿಸಬೇಡಿ. ಹೊಸಬರಿಗೂ ಏರಿಸುವುದಕ್ಕಿಂತ ಮೂರು ಕಿಟಕಿಯ ಸಣ್ಣ ಕೆಲಸವನ್ನು ಹಬ್ಬ ಆದ ಮೇಲೆ ಅಂತ ಮುಂದೆ ಹಾಕುವುದು ಒಳ್ಳೆಯದು. ಆ ಎರಡು ವಾರ ಪೂರ್ತಿ ಮನೆಗಳನ್ನೇ ಹಿಡಿಯಿರಿ, 200 ಮುಂಗಡ ತಗೊಂಡು ದಿನ ಗೊತ್ತು ಮಾಡಿ. ಮುಂಗಡ ಕೊಟ್ಟವರು ಬೀಗ ಹಾಕಿಕೊಂಡು ಊರಿಗೆ ಹೋಗುವುದಿಲ್ಲ.

ರೇಟು ಏರಿಸುವುದಿದ್ದರೆ ವರ್ಷಕ್ಕೊಮ್ಮೆ, ಯುಗಾದಿ ಆದ ಮೇಲೆ. ಮೊದಲಿನ ಹಾಳೆ ತೆಗೆದು ಪೆಟ್ರೋಲ್, ರಬ್ಬರ್, ಮನೆಖರ್ಚು ಹೊಸದಾಗಿ ಬರೆದು ನಿಮಿಷದ ಬೆಲೆ ಮತ್ತೆ ಲೆಕ್ಕ ಹಾಕಿ. ಮೂರೂವರೆ ಇದ್ದದ್ದು ನಾಲ್ಕಕ್ಕೆ ಹೋದರೆ 300 ಇದ್ದ ಕನಿಷ್ಠ ರೇಟು 340 ಆಗುತ್ತದೆ. ಹಳೇ ಗಿರಾಕಿಗಳಿಗೆ ಕೆಲಸಕ್ಕೆ ಹೋದ ದಿನ ಹೇಳಬೇಡಿ, ಹದಿನೈದು ದಿನ ಮುಂಚೆ ಮೆಸೇಜ್ ಹಾಕಿ. ಅಂಗಡಿ ಸಾಲಿನವರಿಗೆ ಮಾತ್ರ ಎದುರಿಗೇ ಹೋಗಿ ಹೇಳಿ. ಹತ್ತು ಜನರಲ್ಲಿ ಮೊದಲು ಯಾರು ಒಪ್ಪುತ್ತಾರೋ ಅವರ ಹತ್ತಿರವೇ ಮೊದಲು ಹೋಗಿ. ಉಳಿದವರು "ಬಾಜೂಕಿನವರು ಎಷ್ಟು ಕೊಡ್ತಾರ?" ಅಂತಲೇ ಕೇಳುವುದು.